ಊರಿಗೊಂದು ಸೇರು, ಆಸ್ಪತ್ರೆಗೊಂದು ಲೆಕ್ಕ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳೆಯ ಮೈಸೂರಿಗರು ಇಂದಿಗೂ ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುತ್ತಾರೆ. ವೆಸ್ಲಿಯನ್ ಮಿಷನರಿಗಳು 1906ರಲ್ಲಿ ತೆರೆದ ಆಸ್ಪತ್ರೆ ಅದು. ಅಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ರಿಜಿಸ್ಟರುಗಳಲ್ಲಿ ಉಳಿದುಕೊಂಡಿವೆ. ತೂಕ ಪೌಂಡಿನಲ್ಲಿ, ಉದ್ದ ಇಂಚಿನಲ್ಲಿ. ಬರೆದಿಟ್ಟ ದಾದಿಯರಿಗೆ ಮುಂದೆ ಇದರಿಂದ ಯಾರಿಗೆ ಏನಾಗಬೇಕೆಂಬ ಯೋಚನೆ ಇದ್ದಿರಲಾರದು. ಮಗು ಹುಟ್ಟಿತು, ತೂಗಿದರು, ಬರೆದರು.

ಸುಮಾರು ಅರುವತ್ತು ವರ್ಷ ಕಳೆದ ಮೇಲೆ, 1990ರ ದಶಕದಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್‌ನ ಡೇವಿಡ್ ಬಾರ್ಕರ್ ಮತ್ತು ಕ್ಯಾರೊಲಿನ್ ಫಾಲ್, ಮೈಸೂರಿನ ಕೆ. ಕುಮಾರನ್ ಮೊದಲಾದ ಸಂಶೋಧಕರು ಆ ರಿಜಿಸ್ಟರುಗಳನ್ನು ಬಿಚ್ಚಿದರು. ಆಸ್ಪತ್ರೆಯ ಸುತ್ತಲಿನ ಮೊಹಲ್ಲಾಗಳಲ್ಲಿ ಮನೆ ಮನೆ ಹೊಕ್ಕು, ಅಲ್ಲಿ ಹುಟ್ಟಿದವರನ್ನು ಹುಡುಕಿದರು. 1934ರಿಂದ 1966ರವರೆಗೆ ಹುಟ್ಟಿದ 3,427 ಮಂದಿಯ ಗುರುತು ರಿಜಿಸ್ಟರಿನ ಸಾಲಿನೊಂದಿಗೆ ತಾಳೆಯಾಯಿತು. ಮೊದಲ ಸುತ್ತಿನಲ್ಲಿ 517 ಜನರ ಹೃದಯ ಪರೀಕ್ಷೆ ಮಾಡಿ, ಫಲಿತಾಂಶವನ್ನು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಏಳು ಪೌಂಡಿಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತಾಯಿಯ ಹೊಟ್ಟೆಯಲ್ಲಿ ಸೊರಗಿದ ಮಗುವಿಗೆ ನಡುವಯಸ್ಸಿನಲ್ಲಿ ಎದೆ ಕೈಕೊಡುವ ಸಂಭವ ಹೆಚ್ಚು ಎಂಬ ವಾದಕ್ಕೆ ಇಂಡಿಯಾದಿಂದ ಬಲ ಬಂದದ್ದು ಹೀಗೆ, ಮಂಡಿ ಮೊಹಲ್ಲಾದ ಒಂದು ಬೀರುವಿನಿಂದ.

ಇಷ್ಟು ಹಳೆಯ ಕಾಗದ ಹೊಸ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮೂರು ಸಂಗತಿ ಕೂಡಿಬರಬೇಕು. ಎಲ್ಲರಿಗೂ ಅವೇ ಅಳತೆ ಹಿಡಿದಿರಬೇಕು. ಅಳತೆಯ ಮಾನ ಯಾವುದೆಂದು ಗೊತ್ತಿರಬೇಕು. ಆ ಸಾಲಿನ ಮನುಷ್ಯನನ್ನು ಮತ್ತೆ ಗುರುತು ಹಿಡಿಯಲು ಸಾಧ್ಯವಾಗಬೇಕು. ಇಂದು ದೇಶದೇಶಗಳು ತಮ್ಮ ಆಸ್ಪತ್ರೆಗಳ ಕಂಪ್ಯೂಟರ್ ದಾಖಲೆಗಳನ್ನು ಒಂದೇ ಚೌಕಟ್ಟಿಗೆ ಇಳಿಸಲು ಹೆಣಗುತ್ತಿರುವುದು ಇದೇ ಮೂರಕ್ಕಾಗಿ. ಆ ಚೌಕಟ್ಟಿಗೆ ಸಮಾನ ದತ್ತಾಂಶ ಮಾದರಿ ಎಂದು ಹೆಸರು. ನಾವು ಆ ದಾರಿಯಲ್ಲಿ ಎಲ್ಲಿದ್ದೇವೆ ಎಂದು ನೋಡುವುದು ಈ ಲೇಖನದ ಕೆಲಸ.

ಒಂದೇ ಸೇರಿನ ಕಥೆ

ಹಳೆಯ ಮೈಸೂರು ಸೀಮೆಯಲ್ಲಿ ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ಊರಿಂದೂರಿಗೆ ಬಳ್ಳ ಕೊಳಗಗಳ ಅಳತೆಯೂ ಬದಲಾಗುತ್ತಿತ್ತು. ಸಂತೆಯಲ್ಲಿ ರಾಗಿ ಕೊಳ್ಳುವವನಿಗೆ ಇದರಿಂದ ತೊಂದರೆಯಿಲ್ಲ, ಅವನೂರಿನ ಸೇರು ಅವನಿಗೆ ಗೊತ್ತು. ಇಡೀ ಸೀಮೆಯಲ್ಲಿ ಎಷ್ಟು ರಾಗಿ ಬೆಳೆಯಿತು ಎಂದು ಕೇಳಿದಾಗ ಮಾತ್ರ ಲೆಕ್ಕ ಕೈಗೆ ಸಿಗುವುದಿಲ್ಲ.

ಆಸ್ಪತ್ರೆಯ ದಾಖಲೆಗಳದೂ ಇದೇ ಪಾಡು. ಒಂದು ಆಸ್ಪತ್ರೆಯ ತಂತ್ರಾಂಶದಲ್ಲಿ ಮಧುಮೇಹಕ್ಕೆ ಒಂದು ಗುರುತು, ಇನ್ನೊಂದರಲ್ಲಿ ಇನ್ನೊಂದು, ಮೂರನೆಯದರಲ್ಲಿ ಬರೀ ಟೈಪ್ ಮಾಡಿದ ಸಾಲು. ಒಬ್ಬ ರೋಗಿಗೆ ಚಿಕಿತ್ಸೆ ಕೊಡಲು ಇದು ಸಾಕು. ಲಕ್ಷ ರೋಗಿಗಳನ್ನು ಒಟ್ಟಿಗಿಟ್ಟು ‘ಈ ಮಾತ್ರೆಯಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ’ ಎಂದು ಕೇಳಲು ಸಾಲದು.

ಅಮೆರಿಕಕ್ಕೆ ಈ ಪಾಠ ಹೊಡೆತ ತಿಂದು ಬಂತು. ಮಂಡಿ ನೋವಿಗೆ ಲಕ್ಷಾಂತರ ಜನ ನುಂಗುತ್ತಿದ್ದ ವಯಾಕ್ಸ್ ಮಾತ್ರೆಯನ್ನು, ಹೃದಯಾಘಾತ ಹೆಚ್ಚಿಸುತ್ತದೆಂದು ತಿಳಿದು, 2004ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ದಾಖಲೆಗಳನ್ನೆಲ್ಲ ಒಟ್ಟಿಗೆ ಓದುವ ದಾರಿ ಇದ್ದಿದ್ದರೆ ಅಪಾಯ ಮೊದಲೇ ಕಾಣುತ್ತಿರಲಿಲ್ಲವೇ ಎಂಬ ಪ್ರಶ್ನೆ ಎದ್ದಿತು. ಆ ಬಗೆಯ ಚಿಂತನೆಯ ಫಲವಾಗಿ 2008ರಲ್ಲಿ ‘ಓಮಾಪ್’ ಎಂಬ ಯೋಜನೆ ಶುರುವಾಯಿತು. ಅದು ರೂಪಿಸಿದ ದತ್ತಾಂಶ ಮಾದರಿಯನ್ನು 2014ರಿಂದ ‘ಒಡಿಸ್ಸಿ’ ಎಂಬ ಅಂತರರಾಷ್ಟ್ರೀಯ ಬಳಗ ಬೆಳೆಸುತ್ತಿದೆ. ಅದರ ಸಂಯೋಜನಾ ಕೇಂದ್ರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಮಾದರಿಯೂ ಅದಕ್ಕೆ ಬೇಕಾದ ತಂತ್ರಾಂಶಗಳೂ ಯಾರು ಬೇಕಾದರೂ ಕಾಸಿಲ್ಲದೆ ಬಳಸುವಂತೆ ತೆರೆದಿವೆ.

ಮಾದರಿಯ ಒಳಗು ಸರಳ. ವ್ಯಕ್ತಿಗೊಂದು ಕೋಷ್ಟಕ, ಆಸ್ಪತ್ರೆ ಭೇಟಿಗೊಂದು, ಕಾಯಿಲೆಗೊಂದು, ಔಷಧಕ್ಕೊಂದು, ರಕ್ತಪರೀಕ್ಷೆಯಂಥ ಅಳತೆಗಳಿಗೊಂದು. ಯಾವ ದೇಶದ ಯಾವ ಆಸ್ಪತ್ರೆಯಿಂದ ಬಂದರೂ ಪ್ರತಿಯೊಂದು ಕಾಯಿಲೆಗೆ ಒಂದೇ ಸಂಖ್ಯೆ. ಎರಡನೆಯ ಬಗೆಯ ಮಧುಮೇಹ ಕಾಯಿಲೆಗಳ ಐಸಿಡಿ ಪಟ್ಟಿಯಲ್ಲಿ ಇ11 ಎಂದಿರಲಿ, ವೈದ್ಯಕೀಯ ಪದಗಳ ಸ್ನೋಮೆಡ್ ಕೋಶದಲ್ಲಿ 44054006 ಎಂದಿರಲಿ, ಓಮಾಪ್‌ಗೆ ಬರುವಾಗ ಅದು 201826. ಒಮ್ಮೆ ಹೀಗೆ ಇಳಿಸಿದ ಮೇಲೆ ದತ್ತಾಂಶ ಆಸ್ಪತ್ರೆಯಿಂದ ಹೊರಗೆ ಹೋಗಬೇಕಾಗಿಲ್ಲ. ಪ್ರಶ್ನೆಯೇ ಪ್ರೋಗ್ರಾಮಿನ ರೂಪದಲ್ಲಿ ಆಸ್ಪತ್ರೆಗೆ ಬರುತ್ತದೆ, ಒಳಗೇ ಓಡುತ್ತದೆ, ಒಟ್ಟು ಮೊತ್ತಗಳನ್ನಷ್ಟೇ ಹೊತ್ತುಕೊಂಡು ಹಿಂದಿರುಗುತ್ತದೆ.

ನಂಜನಗೂಡಿನ ಹೆಂಗಸು, ಓಮಾಪ್‌ನ ಕೋಷ್ಟಕ

ಹೇಳಿದಷ್ಟು ಸುಲಭವಲ್ಲ ಇಳಿಸುವುದು. ಕೃಷ್ಣರಾಜೇಂದ್ರ ಆಸ್ಪತ್ರೆ, ಅಂದರೆ ಜನ ಹೇಳುವ ‘ದೊಡ್ಡಾಸ್ಪತ್ರೆ’ಯ ಹೊರರೋಗಿ ವಿಭಾಗಕ್ಕೆ ನಂಜನಗೂಡು ಕಡೆಯ ಹೆಂಗಸೊಬ್ಬರು ಬಂದರು ಎಂದುಕೊಳ್ಳೋಣ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮೂರು ಆಸ್ಪತ್ರೆಯ ಚೀಟಿಗಳು.

“ಏನಮ್ಮಾ ತೊಂದ್ರೆ?”

“ಕೈಕಾಲೆಲ್ಲ ಉರಿ ಸಾ, ಸುಸ್ತು. ಗ್ಯಾಸ್ಟಿಕ್ಕೂ ಅದೆ. ಬಿಪಿ ಅದೆ, ಸುಗರೂ ಅದೆ. ಮೈಯೆಲ್ಲ ಉಷ್ಣ ಆಗೋಗದೆ.”

“ಎಷ್ಟು ದಿನದಿಂದ?”

“ದೊಡ್ಡಜಾತ್ರೆ ಆದಾಗಿಂದ್ಲೂವೆ.”

ಚೀಟಿಯಲ್ಲಿ ವೈದ್ಯರು ಬರೆಯುವುದು ಇಷ್ಟು: ವಯಸ್ಸು 60. ಕೆ/ಸಿ/ಓ ಡಿಎಂ, ಎಚ್‌ಟಿಎನ್. ಆರ್‌ಬಿಎಸ್ 212. ಮೆಟ್‌ಫಾರ್ಮಿನ್ 500, 1-0-1. ಅಮ್ಲೋಡಿಪಿನ್ 5, 1-0-0. ಮಧುಮೇಹವೂ ರಕ್ತದೊತ್ತಡವೂ ಮೊದಲೇ ಇರುವವರು, ರಕ್ತದ ಸಕ್ಕರೆ 212 ಎಂದರ್ಥ.

ಈಗ ಇದನ್ನು ಇಳಿಸಲು ಕೂರೋಣ. ಈ ಕೆಲಸಕ್ಕೆ ಮೂರು ಹಂತ: ಮೂಲದಿಂದ ತೆಗೆಯುವುದು, ತಿದ್ದುವುದು, ಹೊಸ ಕೋಷ್ಟಕಕ್ಕೆ ತುಂಬುವುದು. ಕಷ್ಟವೆಲ್ಲ ನಡುವಿನ ಹಂತದಲ್ಲಿದೆ.

‘ವಯಸ್ಸು 60’. ಮಾದರಿಗೆ ಬೇಕಾದದ್ದು ಹುಟ್ಟಿದ ವರ್ಷ. ಜನ್ಮದಿನ ಗೊತ್ತಿಲ್ಲದ ಹಿರಿಯರು ಐವತ್ತು, ಐವತ್ತೈದು, ಅರುವತ್ತು ಎಂದು ದುಂಡಗೆ ಹೇಳುತ್ತಾರೆ. ಇಂಥ ಸಾವಿರ ಚೀಟಿ ಒಟ್ಟಾದರೆ, ಜಿಲ್ಲೆಯ ಮುದುಕರೆಲ್ಲ ಕೆಲವೇ ವರ್ಷಗಳಲ್ಲಿ ಹುಟ್ಟಿದಂತೆ ತೋರುತ್ತದೆ.

‘ಡಿಎಂ’. ಮಧುಮೇಹ ಸರಿ, ಆದರೆ ಯಾವ ಬಗೆ? ವಯಸ್ಸು ನೋಡಿ, ಮೆಟ್‌ಫಾರ್ಮಿನ್ ನೋಡಿ, ಎರಡನೆಯ ಬಗೆಯೇ ಎಂದು ಯಾರಾದರೂ ಹೇಳಿಯಾರು. ಚೀಟಿ ಮಾತ್ರ ಹಾಗೆ ಹೇಳಿಲ್ಲ. ಪ್ರಾಮಾಣಿಕನಾದವನು ಬರೀ ಮಧುಮೇಹಕ್ಕೆ ಇರುವ 201820 ಸಂಖ್ಯೆ ಕೊಟ್ಟು ಸುಮ್ಮನಾಗುತ್ತಾನೆ. ಅವಸರದವನು 201826 ಕೊಡುತ್ತಾನೆ. ಇಬ್ಬರ ಕೋಷ್ಟಕವೂ ನೋಡಲು ಅಷ್ಟೇ ಚೊಕ್ಕಟ.

‘ಆರ್‌ಬಿಎಸ್ 212’. ಮಾನ ಬರೆದಿಲ್ಲ. ನಮ್ಮಲ್ಲಿ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ; ಬ್ರಿಟನ್ನಿನಲ್ಲಿ ಮಿಲಿಮೋಲ್ ಲೆಕ್ಕ. 212ನ್ನು 18ರಿಂದ ಭಾಗಿಸಿದರೆ ಅವರ 11.8. ಮಾನವಿಲ್ಲದ ಅಂಕಿಯನ್ನು ಊಹೆಯಿಂದ ತುಂಬುವವನು ಮಿಷನ್ ಆಸ್ಪತ್ರೆಯ ಪೌಂಡನ್ನು ಕಿಲೋ ಎಂದು ಓದಿದವನ ಹಾಗೆ.

‘1-0-1’. ಬೆಳಗ್ಗೆ ಒಂದು, ರಾತ್ರಿ ಒಂದು ಎಂದು ಇಲ್ಲಿ ಔಷಧ ಅಂಗಡಿಯ ಹುಡುಗನಿಗೂ ಗೊತ್ತು. ಎಷ್ಟು ದಿನ ನುಂಗಬೇಕೆಂಬುದು ಮಾತ್ರ ಚೀಟಿಯಲ್ಲಿಲ್ಲ.

ಚೀಟಿಗೆ ಹಾಗೆಯೇ ಇಳಿಯದ ರೋಗಿಯ ಮಾತುಗಳದ್ದು ಇನ್ನೊಂದು ಕಥೆ. ‘ಬಿಪಿ ಅದೆ’ ಎಂದರೆ ಕನ್ನಡದಲ್ಲಿ ರಕ್ತದೊತ್ತಡ ಜಾಸ್ತಿ ಇದೆ ಎಂದರ್ಥ. ಇಂಗ್ಲಿಷ್ ಕಲಿತ ಯಂತ್ರಕ್ಕೆ ಬಿಪಿ ಒಂದು ಅಳತೆ. ಅಂಕಿಯೇ ಇಲ್ಲದ ಅಳತೆಯೆಂದು ತಿಳಿದು ಅದನ್ನು ತೆಗೆದು ಹಾಕಿದರೂ ಹಾಕಿತು. ‘ಸರ್ಪಸುತ್ತು’ ಎಂದು ಬಂದಿದ್ದರೆ ಕಷ್ಟವೇ ಇರಲಿಲ್ಲ, ವೈದ್ಯಶಾಸ್ತ್ರದಲ್ಲಿ ಅದಕ್ಕೆ ಒಂದಕ್ಕೊಂದು ಹೊಂದುವ ಹೆಸರಿದೆ. ‘ಗ್ಯಾಸ್ಟ್ರಿಕ್’ ಹಾಗಲ್ಲ: ಹುಳಿತೇಗು, ಹೊಟ್ಟೆಯುಬ್ಬರ, ಎದೆಯುರಿ ಎಲ್ಲವೂ ಅದೇ. ಕೆಲವೊಮ್ಮೆ ಹೃದಯಾಘಾತದ ಮೊದಲ ನೋವೂ ಆ ಹೆಸರಿನಲ್ಲೇ ಬರುತ್ತದೆ. ‘ಉಷ್ಣ’ಕ್ಕಂತೂ ಸ್ನೋಮೆಡ್‌ನಂಥ ಕೋಶಗಳಲ್ಲಿ ಸರಿಸಮಾನವಾದ ಜಾಗವೇ ಇಲ್ಲ. ‘ದೊಡ್ಡಜಾತ್ರೆ ಆದಾಗಿನಿಂದ’ ಎಂಬುದು ದಿನಾಂಕವಾಗಬೇಕಾದರೆ, ಆ ವರ್ಷ ನಂಜುಂಡೇಶ್ವರನ ತೇರು ಎಂದು ಎಳೆದರೆಂದು ಗೊತ್ತಿರುವವರು ಕೂತಿರಬೇಕು.

ಎಲ್ಲಿಯೂ ಹೊಂದದ ಪದಕ್ಕೆ ಓಮಾಪ್ ಸೊನ್ನೆ ಕೊಡುತ್ತದೆ. ಆದರೆ ಮಾದರಿ ರೂಪಿಸಿದವರು ಒಂದು ಜಾಣತನ ಮಾಡಿದ್ದಾರೆ: ಸಂಖ್ಯೆಯ ಪಕ್ಕದಲ್ಲೇ ಮೂಲದಲ್ಲಿದ್ದ ಪದವನ್ನು ಹಾಗೆಯೇ ಇಡಲು ಒಂದು ಅಂಕಣ ಬಿಟ್ಟಿದ್ದಾರೆ. 200 ಕೋಟಿಯಿಂದ ಮೇಲಿನ ಸಂಖ್ಯೆಗಳನ್ನು ಆಯಾ ಊರಿನವರು ತಮ್ಮ ಪದಗಳಿಗೆ ಕೊಟ್ಟುಕೊಳ್ಳಲಿ ಎಂದು ಮೀಸಲಿಟ್ಟಿದ್ದಾರೆ. ಸಮಾನಾರ್ಥಕ ಪದಗಳ ಕೋಷ್ಟಕದಲ್ಲಿ ಭಾಷೆ ಯಾವುದೆಂದು ನಮೂದಿಸುವ ಜಾಗವೂ ಇದೆ. ಹೀಗಾಗಿ ‘ಗ್ಯಾಸ್ಟ್ರಿಕ್’ ಆಗಲಿ ‘ಉಷ್ಣ’ವಾಗಲಿ ಅಳಿಸಿಹೋಗಲೇಬೇಕೆಂದಿಲ್ಲ. ಅಳಿಸಿದರೆ ಅದು ಇಳಿಸುವವರ ತಪ್ಪು.

ಔಷಧದ ಹೆಸರುಗಳಲ್ಲಿ ನಮ್ಮ ತೊಡಕು ಇನ್ನೂ ದೊಡ್ಡದು. ಓಮಾಪ್ ಔಷಧಗಳಿಗೆ ನೆಚ್ಚಿಕೊಂಡಿರುವ ಆರ್‌ಎಕ್ಸ್‌ನಾರ್ಮ್ ಕೋಶ ಅಮೆರಿಕದ್ದು. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಬೆರೆಸುವುದು ನಮ್ಮ ಮಾರುಕಟ್ಟೆಯ ಚಾಳಿ. ಇಂಥ 328 ಬೆರಕೆಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಒಂದೇ ಏಟಿಗೆ ನಿಷೇಧಿಸಿತು. ನಿಷೇಧಿತ ಮಾತ್ರೆಯನ್ನು ಹಿಂದೆ ನುಂಗಿದವರಿಗೆ ಏನಾಯಿತೆಂದು ತಿಳಿಯಬೇಕಾದರೂ ಆ ಬೆರಕೆಗೊಂದು ಸಂಖ್ಯೆ ಬೇಕು. ಪುಣೆಯ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಮಾನಕ ಕೇಂದ್ರ ಇಂಡಿಯಾದ ಔಷಧಗಳಿಗೆ ಪ್ರತ್ಯೇಕ ಸಂಕೇತಗಳನ್ನು ಸಿದ್ಧಪಡಿಸಿರುವುದು ಈ ದೃಷ್ಟಿಯಿಂದ ಬೆಲೆಯುಳ್ಳ ಕೆಲಸ.

ಕಾಲುವೆ ಬಂತು, ಕೆರೆ ಎಲ್ಲಿ?

ಮಾನಕಗಳ ವಿಷಯದಲ್ಲಿ ಇಂಡಿಯಾ ಕೈಕಟ್ಟಿ ಕೂತಿಲ್ಲ. ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನಕಗಳು 2013ರಲ್ಲಿ ಬಂದವು, 2016ರಲ್ಲಿ ಪರಿಷ್ಕಾರಗೊಂಡವು. 2014ರಲ್ಲೇ ದೇಶ ಸ್ನೋಮೆಡ್ ಸಂಸ್ಥೆಯ ಸದಸ್ಯನಾಯಿತು, ಹಾಗಾಗಿ ಆ ಕೋಶ ಇಲ್ಲಿ ಉಚಿತ. ರಾಷ್ಟ್ರೀಯ ಡಿಜಿಟಲ್ ಆರೋಗ್ಯ ಯೋಜನೆ 2020ರ ಆಗಸ್ಟ್ 15ರಂದು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗವಾಗಿ ಶುರುವಾಗಿ, 2021ರ ಸೆಪ್ಟೆಂಬರ್ 27ರಂದು ‘ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್’ ಎಂಬ ಹೆಸರಿನಲ್ಲಿ ದೇಶವ್ಯಾಪಿಯಾಯಿತು. ಪ್ರತಿ ನಾಗರಿಕನಿಗೆ 14 ಅಂಕಿಯ ‘ಆಭಾ’ ಸಂಖ್ಯೆ, ವೈದ್ಯರಿಗೊಂದು ಪಟ್ಟಿ, ಆಸ್ಪತ್ರೆಗಳಿಗೊಂದು ಪಟ್ಟಿ. ಆಸ್ಪತ್ರೆಯ ಕ್ಯೂನಲ್ಲಿ ನಿಂತು ಗೋಡೆಯ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದು ಟೋಕನ್ ಪಡೆಯುವುದನ್ನು ಈಗ ಕಾಣಬಹುದು.

ಆದರೆ ಇದು ಕಾಲುವೆ. ಒಬ್ಬ ರೋಗಿಯ ಒಪ್ಪಿಗೆ ಪಡೆದು ಅವನ ದಾಖಲೆಯನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹರಿಸುವುದು ಇದರ ಕೆಲಸ. ‘ಫೈರ್’ ಎಂಬ ಮಾನಕ ಅದಕ್ಕೆಂದೇ ಇದೆ. ಸಮಾನ ದತ್ತಾಂಶ ಮಾದರಿ ಕೆರೆಯ ಹಾಗೆ: ಬಂದದ್ದು ನಿಂತು, ತಿಳಿಯಾಗಿ, ಎಲ್ಲರನ್ನೂ ಒಟ್ಟಿಗೆ ಎಣಿಸಲು ಬರುವಂತಿರಬೇಕು. ಕಾಲುವೆಯಲ್ಲಿ ಏನು ಹರಿಯುತ್ತದೆ ಎಂಬುದೂ ಮುಖ್ಯ. ಫೈರ್ ಪೊಟ್ಟಣದೊಳಗೆ ಸ್ಕ್ಯಾನ್ ಮಾಡಿದ ಪಿಡಿಎಫ್ ಇಟ್ಟು ಕಳಿಸಲು ಅವಕಾಶವಿದೆ. ವೈದ್ಯರು ಓದಿಕೊಳ್ಳಲು ಅದು ಸಾಕು. ಎಣಿಸುವವನಿಗೆ ಅದೊಂದು ಚಿತ್ರ ಅಷ್ಟೆ. ಫೈರ್‌ನ ಹಿಂದಿರುವ ಸಂಸ್ಥೆ ಮತ್ತು ಒಡಿಸ್ಸಿ ಬಳಗ 2021ರಲ್ಲಿ ಕೈಜೋಡಿಸಿದ್ದು ಕಾಲುವೆಯನ್ನು ಕೆರೆಗೆ ಸೇರಿಸುವ ಉದ್ದೇಶದಿಂದಲೇ.

ಕೆರೆ ಕಟ್ಟಿದವರು ಇದ್ದಾರೆ. ದಕ್ಷಿಣ ಕೊರಿಯಾ ತನ್ನ ರಾಷ್ಟ್ರೀಯ ಆರೋಗ್ಯ ವಿಮೆಯ ದಾಖಲೆಗಳಿಂದ ಶೇ 2ರಷ್ಟು, ಅಂದರೆ ಸುಮಾರು 11 ಲಕ್ಷ ಜನರ ಮಾದರಿಯನ್ನು ಓಮಾಪ್‌ಗೆ ಇಳಿಸಿ, ಆ ಅನುಭವವನ್ನು 2017ರಲ್ಲಿ ಪ್ರಕಟಿಸಿತು. ಎಸ್ಟೋನಿಯಾ ದೇಶದ ಜನಸಂಖ್ಯೆ ಸುಮಾರು 13 ಲಕ್ಷ. 2011ರ ಜನಗಣತಿಯ ಲೆಕ್ಕದಲ್ಲಿ 30 ಲಕ್ಷವಿದ್ದ ಮೈಸೂರು ಜಿಲ್ಲೆಯ ಅರ್ಧವೂ ಇಲ್ಲ. ಅವರು ಶೇ 10ರಷ್ಟು ಜನರ ಆಸ್ಪತ್ರೆ ದಾಖಲೆ, ವಿಮೆಯ ಲೆಕ್ಕ, ಔಷಧ ಚೀಟಿ ಮೂರನ್ನೂ ಜೋಡಿಸಿದರು. ಎರಡೂ ಕಡೆ ಇಡೀ ದೇಶವನ್ನು ಒಂದೇ ಸಲ ಎತ್ತಿಕೊಳ್ಳದೆ ಮಾದರಿಯಿಂದ ಶುರುಮಾಡಿದ್ದನ್ನು ಗಮನಿಸಬೇಕು.

ಇಂಥ ಕೆರೆಗಳ ಉಪಯೋಗ ಕೋವಿಡ್ ಕಾಲದಲ್ಲಿ ಕಂಡಿತು. 2020ರಲ್ಲಿ ಎಲ್ಲರ ಬಾಯಲ್ಲೂ ಹೈಡ್ರಾಕ್ಸಿಕ್ಲೊರೊಕ್ವಿನ್ ಇದ್ದಾಗ, ಒಡಿಸ್ಸಿ ಬಳಗ ಆರು ದೇಶಗಳ 14 ದತ್ತಾಂಶ ಭಂಡಾರಗಳಿಗೆ ಒಂದೇ ಪ್ರಶ್ನೆ ಕಳಿಸಿತು. ಕೀಲುವಾತಕ್ಕೆ ಈ ಔಷಧ ತೆಗೆದುಕೊಂಡಿದ್ದ 9.5 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿ, ಅಜಿಥ್ರೊಮೈಸಿನ್ ಜೊತೆ ಸೇರಿದರೆ ಹೃದಯಕ್ಕೆ ಅಪಾಯ ಹೆಚ್ಚು ಎಂದು ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ‘ಲ್ಯಾನ್ಸೆಟ್’ನಲ್ಲಿ ಸರ್ಜಿಸ್ಫಿಯರ್ ಎಂಬ ಕಂಪನಿಯ ದತ್ತಾಂಶ ಆಧರಿಸಿದ ಇನ್ನೊಂದು ಲೇಖನ ಬಂತು: 671 ಆಸ್ಪತ್ರೆ, 96,032 ರೋಗಿಗಳು. ಮೂಲ ದತ್ತಾಂಶ ತೋರಿಸಿ ಎಂದಾಗ ಸಿಗಲಿಲ್ಲ. ಜೂನ್ ಮೊದಲ ವಾರದಲ್ಲೇ ಲೇಖನ ಹಿಂಪಡೆಯಬೇಕಾಯಿತು. ಒಂದರಲ್ಲಿ ಸಂಖ್ಯೆ ಎಲ್ಲಿಂದ, ಹೇಗೆ ಬಂತೆಂದು ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು; ಇನ್ನೊಂದರಲ್ಲಿ ಸಂಖ್ಯೆಯ ಗಾತ್ರವೊಂದೇ ಕಾಣುತ್ತಿತ್ತು.

ನಮ್ಮ ಮೈ, ಯಾರ ಲೆಕ್ಕ

2019ರಲ್ಲಿ ಇದೇ ಬಳಗ 49 ಲಕ್ಷ ರೋಗಿಗಳ ದಾಖಲೆಯಿಂದ ರಕ್ತದೊತ್ತಡಕ್ಕೆ ಮೊದಲು ಯಾವ ಮಾತ್ರೆ ಒಳ್ಳೆಯದೆಂದು ಹುಡುಕಿತು. ಹೆಚ್ಚು ಬಳಕೆಯಲ್ಲಿದ್ದ ಎಸಿಇ ಇನ್‌ಹಿಬಿಟರ್‌ಗಳಿಗಿಂತ ಥಯಜೈಡ್ ಬಗೆಯ ಹಳೆಯ ಮಾತ್ರೆಗಳೇ ಮೇಲೆಂದು ಕಂಡಿತು. ಆ ದಾಖಲೆಗಳು ಅಮೆರಿಕ, ಜರ್ಮನಿ, ಜಪಾನ್, ದಕ್ಷಿಣ ಕೊರಿಯಾದವು. ನಮ್ಮ ನಂಜನಗೂಡಿನ ಹೆಂಗಸಿನಂಥವರು ಅದರಲ್ಲಿ ಒಬ್ಬರೂ ಇರಲಿಲ್ಲ. ಮಿಷನ್ ಆಸ್ಪತ್ರೆಯ ಅಧ್ಯಯನಗಳು ತೋರಿಸಿದ್ದೇನೆಂದರೆ ನಮ್ಮ ಮೈಯ ಲೆಕ್ಕ ಬೇರೆಯಿರಬಹುದು: ಇಂಗ್ಲೆಂಡಿನಲ್ಲಿ ಮಧುಮೇಹ ಕಡಿಮೆ ತೂಕದ ಶಿಶುಗಳ ಬೆನ್ನು ಹಿಡಿದರೆ, ಮೈಸೂರಿನಲ್ಲಿ ಅದು ಗಿಡ್ಡಗೆ ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಹೆಚ್ಚು ಕಂಡಿತು. ಅನ್ಯರ ಮೈಯಿಂದ ಬಂದ ಉತ್ತರವನ್ನು ನಮ್ಮ ಮೈಗೆ ಹಾಕಿಕೊಳ್ಳುವ ಮೊದಲು ಇಲ್ಲೊಮ್ಮೆ ಕೇಳಿ ನೋಡಬೇಕಲ್ಲವೇ?

ಅದೇ ಆಸ್ಪತ್ರೆಯ ಇನ್ನೊಂದು ಅಧ್ಯಯನ ಮತ್ತೊಂದು ಎಚ್ಚರಿಕೆ ಕೊಡುತ್ತದೆ. 1997–98ರಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡ ‘ಪಾರ್ಥೆನಾನ್’ ಅಧ್ಯಯನದಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಕಂಡಿತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಅದರ ವ್ಯಾಖ್ಯೆ ಬದಲಿಸಿತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಉಂಡಿದ್ದರೂ ಸರಿ ಉಪವಾಸವಿದ್ದರೂ ಸರಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ರಕ್ತದ ಸಕ್ಕರೆ 140 ಮುಟ್ಟಿದರೆ ಕಾಯಿಲೆ ಎನ್ನುವ ಪದ್ಧತಿ. ಅದೇ ರಕ್ತ, ಅದೇ ಅಂಕಿ, ಹೆಸರು ಬೇರೆ. ಕಾಯಿಲೆಯ ಹೆಸರನ್ನಷ್ಟೇ ಉಳಿಸಿ ಅಂಕಿಯನ್ನು ಬಿಟ್ಟ ದಾಖಲೆಗೆ ಇಪ್ಪತ್ತು ವರ್ಷಗಳಲ್ಲಿ ಅರ್ಥವೇ ಉಳಿಯುವುದಿಲ್ಲ.

ಆಕ್ಷೇಪಗಳನ್ನೂ ತೂಗಬೇಕು. ಹೆಸರು ಅಳಿಸಿದ ಮಾತ್ರಕ್ಕೆ ಗುಟ್ಟು ಉಳಿಯುತ್ತದೆಯೇ? ಎಚ್.ಡಿ. ಕೋಟೆಯ ಹಾಡಿಯೊಂದರಲ್ಲಿ ಕುಡುಗೋಲು ಕಣದ ರಕ್ತಹೀನತೆಯಿರುವ ಇಪ್ಪತ್ತರ ಯುವತಿ ಎಂದರೆ ಊರವರಿಗೆ ಹೆಸರು ಬೇಕಿಲ್ಲ. ಇದಕ್ಕೇ ಐದಕ್ಕಿಂತಲೋ ಹತ್ತಕ್ಕಿಂತಲೋ ಕಡಿಮೆಯಿರುವ ಮೊತ್ತವನ್ನು ಹೊರಗೆ ಬಿಡಬಾರದೆಂಬ ಕಟ್ಟುಪಾಡನ್ನು ಅನೇಕ ಭಂಡಾರಗಳು ಪಾಲಿಸುತ್ತವೆ. ನಮ್ಮ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸಂಶೋಧನೆಗೆ ಷರತ್ತುಬದ್ಧ ವಿನಾಯಿತಿ ಕೊಟ್ಟಿದೆ. ಆದರೆ ಟೋಕನ್ನಿಗಾಗಿ ಕ್ಯೂಆರ್ ಹಿಡಿದವಳು ಸಂಶೋಧನೆಗೂ ಒಪ್ಪಿದಳೆಂದು ತಿಳಿಯುವುದು ತಪ್ಪಾಗುತ್ತದೆ. ಆ ಮಾತನ್ನು ಅವಳಿಗೆ ಅರ್ಥವಾಗುವ ಕನ್ನಡದಲ್ಲಿ ಬೇರೆಯಾಗಿಯೇ ಕೇಳಬೇಕು.

ಇನ್ನೊಂದು ಆಕ್ಷೇಪ: ದಾಖಲೆಯಲ್ಲಿ ಬಾರದವರು. ಮನೆ ಮನೆ ಸುತ್ತಿದ ಸಂಶೋಧಕರಿಗೆ ಸಿಕ್ಕವರು ಮೈಸೂರಿನಲ್ಲೇ ಉಳಿದವರು, ಬದುಕಿ ಉಳಿದವರು. ಸತ್ತವರೂ, ಮದುವೆಯಾಗಿ ಪರಊರು ಸೇರಿದ ಹೆಣ್ಣುಮಕ್ಕಳೂ ಆ ಲೆಕ್ಕದಿಂದ ಜಾರಿದರು. ಲಕ್ಷ್ಮಮ್ಮ ಎಂಬ ಹೆಸರನ್ನು ಮೂರು ಆಸ್ಪತ್ರೆಗಳು ಇಂಗ್ಲಿಷಿನಲ್ಲಿ ಮೂರು ಬಗೆಯಲ್ಲಿ ಬರೆದರೆ ಕಂಪ್ಯೂಟರಿನಲ್ಲಿ ಮೂವರು ಲಕ್ಷ್ಮಮ್ಮಂದಿರಾಗುತ್ತಾರೆ. ಆಭಾ ಸಂಖ್ಯೆ ಇದನ್ನು ಸರಿಪಡಿಸಬಲ್ಲದು, ಎಲ್ಲ ಆಸ್ಪತ್ರೆಯಲ್ಲೂ ಅದೇ ಸಂಖ್ಯೆ ಹಾಕಿದರೆ.

ಮೊದಲು ಮಾಡಬೇಕಾದ್ದು

ಇಷ್ಟೆಲ್ಲ ನೋಡಿದ ಮೇಲೆ ಒಂದು ಮಾತು ಗಟ್ಟಿಯಾಗುತ್ತದೆ. ಇಳಿಸುವ ಕೆಲಸ ಬರೀ ಕಂಪ್ಯೂಟರಿನವರದ್ದಲ್ಲ. ಪ್ರತಿಯೊಂದು ಪದಕ್ಕೆ ಸಂಖ್ಯೆ ಕೊಡುವುದೂ ಒಂದು ತೀರ್ಪು, ಆ ತೀರ್ಪು ಕೊಡುವವರಿಗೆ ವಾರ್ಡಿನ ಭಾಷೆ ಗೊತ್ತಿರಬೇಕು. ಅದಕ್ಕೆ ಮೈಸೂರಿನಷ್ಟು ಅನುಕೂಲವಾದ ಊರು ಕಡಿಮೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಇಲ್ಲಿಗೆ ಬಂದ ವೈದ್ಯಕೀಯ ಕಾಲೇಜು, ಜೆಎಸ್ಎಸ್ ಆಸ್ಪತ್ರೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, 1908ರ ಆಯುರ್ವೇದ ಕಾಲೇಜು ಎಲ್ಲವೂ ಇಲ್ಲಿವೆ. ‘ಉಷ್ಣ’ದ ಬಗ್ಗೆ ಆಯುರ್ವೇದ ಕಾಲೇಜಿನವರೊಡನೆ ವೈದ್ಯಕೀಯ ಕಾಲೇಜಿನವರು ಕೂತು ಮಾತಾಡಲು ಒಂದು ಮಧ್ಯಾಹ್ನ ಸಾಕು. ರೋಗಿಗಳ ಮಾತಿನ ಐನೂರು ಪದಗಳ ಒಂದು ಪಟ್ಟಿ, ಪ್ರತಿಯೊಂದಕ್ಕೂ ಹೊಂದುವ ಸಂಖ್ಯೆ, ಹೊಂದದಿದ್ದರೆ ಏಕೆ ಹೊಂದದು ಎಂಬ ಟಿಪ್ಪಣಿ: ಒಂದೇ ಆಸ್ಪತ್ರೆಯ ಒಂದೇ ವಿಭಾಗದಲ್ಲಿ ಶುರುಮಾಡಬಹುದಾದ ಕೆಲಸ ಇದು.

ಚೀಟಿ ಬರೆಯುವ ಕಡೆಯೂ ಬದಲಾವಣೆ ಬೇಕು. ನೂರಾರು ರೋಗಿಗಳು ಬಾಗಿಲಲ್ಲಿ ನಿಂತಿರುವಾಗ ಕಿರಿಯ ವೈದ್ಯರಿಗೆ ಕೋಡ್ ಹುಡುಕಿ ತುಂಬಿ ಎಂದರೆ ಅವರು ಕೈಗೆ ಸಿಕ್ಕಿದ ಮೊದಲ ಕೋಡನ್ನೇ ಒತ್ತುತ್ತಾರೆ. ಅಂಥ ಅಚ್ಚುಕಟ್ಟು ಸುಳ್ಳಿಗಿಂತ ಕೆಲವೇ ಸಂಗತಿಯನ್ನು ಎಲ್ಲರಿಗೂ ತಪ್ಪದೆ ಬರೆಯುವುದು ಮೇಲು: ಹುಟ್ಟಿದ ವರ್ಷ, ತೂಕ, ಬಿಪಿಯ ಎರಡು ಅಂಕಿ, ಸಕ್ಕರೆಯ ಅಂಕಿ ಮತ್ತು ಅದರ ಮಾನ, ಔಷಧ ಎಷ್ಟು ದಿನಕ್ಕೆ. ಉಳಿದದ್ದು ರೋಗಿ ಹೇಳಿದಂತೆಯೇ ಇರಲಿ. ಅದಕ್ಕೆ ಸಂಖ್ಯೆ ಆಮೇಲೆ ಕೊಡಬಹುದು.

ಮಿಷನ್ ಆಸ್ಪತ್ರೆಯ ದಾದಿಯರ ಹತ್ತಿರ ಕೋಡೂ ಇರಲಿಲ್ಲ, ಕೋಷ್ಟಕವೂ ಇರಲಿಲ್ಲ. ಬಂದ ಮಗುವಿಗೆಲ್ಲ ಅವೇ ಮೂರು ಅಳತೆ ಹಿಡಿದರು. ಪೌಂಡನ್ನು ಗ್ರಾಂ ಮಾಡುವ ಕೆಲಸವನ್ನು ಅರುವತ್ತು ವರ್ಷದ ನಂತರದವರಿಗೆ ಬಿಟ್ಟರು, ಅವರು ಅದನ್ನು ಒಂದು ಗುಣಾಕಾರದಲ್ಲಿ ಮುಗಿಸಿದರು. ಅಂದು ತೂಗದೆ ಬಿಟ್ಟಿದ್ದರೆ, ಆ ಮಗುವನ್ನು ತೂಗಲು ಈಗ ಯಾವ ಕಂಪ್ಯೂಟರಿನಿಂದಲೂ ಆಗುತ್ತಿರಲಿಲ್ಲ.